ತಿದ್ದಬೇಕಾದ ನೋಟುಪುಸ್ತಕ, ಕಟ್ಟಬೇಕಾದ ನಾಟಕ

ಶಿಕ್ಷಕರ ದಿನದಂದು ನಮ್ಮ ಧರ್ಮಕೇಂದ್ರಗಳಲ್ಲಿ ಶಿಕ್ಷಕರಿಗೆ ಹೂ ಕೊಟ್ಟು ಗೌರವಿಸುತ್ತೇವೆ. ಮರುದಿನ ಅವರ ಮುಂದೆ ಮತ್ತದೇ ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ತಿದ್ದದ ನೋಟುಪುಸ್ತಕಗಳ ರಾಶಿ. ಇದರ ನಡುವೆ ಹೊಸದನ್ನು ಸೃಷ್ಟಿಸಲು ಬಿಡುವೆಲ್ಲಿ?

ಯೇಸುಸಭೆಯ ಗುರುಗಳೂ ಕವಿಯೂ ಆಗಿದ್ದ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1884ರಲ್ಲಿ ಡಬ್ಲಿನ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕರಾದರು. ನೂರಾರು ಉತ್ತರಪತ್ರಿಕೆಗಳನ್ನು, ಯಾರಿಗೂ ಅನ್ಯಾಯವಾಗಬಾರದೆಂಬ ಅತಿ ಎಚ್ಚರದಿಂದ ತಿದ್ದಿ ತಿದ್ದಿ ಬಳಲಿದರು. 1889ರಲ್ಲಿ, 44ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕವನ ಸಂಗ್ರಹ ಹೊರಬಂದದ್ದು 1918ರಲ್ಲಿ!

ಈ ಹಾಪ್ಕಿನ್ಸರ ಕುರಿತು 1948ರಲ್ಲಿ ಪುಸ್ತಕ ಬರೆದ ಕೆ. ಆರ್. ಶ್ರೀನಿವಾಸ ಅಯ್ಯಂಗಾರರು ಅದಕ್ಕೂ ಮುಂಚೆ ನಮ್ಮ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ ಏಳು ಮಂದಿಯಲ್ಲೊಬ್ಬರಾದ ಶಿ. ಶಿ. ಬಸವನಾಳರೊಡನೆ ಸೇರಿ ಅವರು ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದದ್ದು 1940ರಲ್ಲಿ. ಇಬ್ಬರಿಗೂ ಕೈತುಂಬ ಕೆಲಸವಿತ್ತು. ಜೊತೆಗೂಡಿದ್ದರಿಂದಲೇ ಹೊರೆ ಹಗುರಾಯಿತೆಂದು ನಮ್ಮ ಎಣಿಕೆ. ಒಂಟಿಯಾಗಿ ನರಳಿದ ಡಬ್ಲಿನ್ನಿನ ಗುರುಗಳಿಗೆ ಅಂಥ ಜೊತೆ ಸಿಕ್ಕಿದ್ದರೆ ಎಂದು ಆಗಾಗ ಅನ್ನಿಸುವುದುಂಟು.

ಖಾನಾಪುರದ ಕಡೆಯ ಹಳ್ಳಿಶಾಲೆಯ ಮಾತು ಬೇರೆ. ಅಲ್ಲಿ ಮನೆಯಲ್ಲಿ ಮರಾಠಿ, ಕೊಂಕಣಿ, ಕನ್ನಡ ಆಡುವ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪುಸ್ತಕವೊಂದನ್ನೇ ಓದಿಸಿದರೆ ಅರ್ಧ ತರಗತಿ ಹಿಂದೆ ಬೀಳುತ್ತದೆ. ಆದುದರಿಂದ ಅಲ್ಲಿ ಚಿತ್ರ, ಹಾಡು, ಅಭಿನಯ ಆಡಂಬರವಲ್ಲ, ಪಾಠವೇ ಹೌದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಕಾರ್ಡುಗಳನ್ನು ರೂಪಿಸುವುದರಲ್ಲಿ ಶಿಕ್ಷಕರೇ ಕೈಹಾಕಿದ್ದರು. ಒಮ್ಮೆ ಮಾಡಿದ ಕಾರ್ಡು ವರ್ಷಗಟ್ಟಲೆ ದುಡಿಯುತ್ತದೆ.

ನಾವೂ ಎಡವಿದ್ದೇವೆ. ಒಂದು ವರ್ಷ ಕ್ರಿಸ್‌ಮಸ್ ನಾಟಕದ ಗುಂಗಿನಲ್ಲಿ ಎರಡು ಪಾಠ ಉಳಿದುಹೋದವು. ಪರೀಕ್ಷೆಯಲ್ಲಿ ಅವುಗಳಿಂದಲೇ ಪ್ರಶ್ನೆ ಬಂದಾಗ ಮಕ್ಕಳು ನಮ್ಮ ಮುಖ ನೋಡಿದರು. ನಾಟಕಕ್ಕೆ ಚಪ್ಪಾಳೆ ಹೊಡೆದಿದ್ದ ಪೋಷಕರೇ ಅಂಕಪಟ್ಟಿ ಹಿಡಿದು ಬಂದರು, ಅವರದು ತಪ್ಪಲ್ಲ. ಮುಂದಿನ ವರ್ಷ ಇತಿಹಾಸದ ಪಾಠವನ್ನೇ ನಾಟಕ ಮಾಡಿದೆವು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಖಾನಾಪುರ ತಾಲೂಕಿನಲ್ಲೇ ಇದೆಯಲ್ಲ! ಸಂಭಾಷಣೆ ಬರೆದದ್ದು ಮಕ್ಕಳು. ಅದನ್ನೇ ಕನ್ನಡ ಪ್ರಬಂಧವೆಂದು ತಿದ್ದಿ ಅಂಕ ಕೊಟ್ಟೆವು. ಅಭ್ಯಾಸಕ್ಕೆ ಶುಕ್ರವಾರದ ಕೊನೆಯ ಅವಧಿ ಮಾತ್ರ.

ಮನೆಯವರಲ್ಲೂ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಶಿಕ್ಷಕಿಯೊಬ್ಬರಿದ್ದರೆ, ಹಬ್ಬದ ವಾರದಲ್ಲಿ ಅಡುಗೆಯೂ ಉತ್ತರಪತ್ರಿಕೆಯೂ ಅವರೊಬ್ಬರ ಪಾಲಾಗದಿರಲಿ. ಅಂಕ ಕೂಡಿಸಿ ನೋಡುವ ಕೆಲಸವನ್ನು ಕಾಲೇಜಿಗೆ ಹೋಗುವ ಮಗನೂ ಮಾಡಬಲ್ಲ.