ಕರೆಂಟಿಲ್ಲ, ನೆಟ್ಟಿಲ್ಲ, ಲ್ಯಾಪ್‌ಟಾಪ್‌ಗೆ ಕಾಯಿಲೆ ಬೇರೆ!

ಹೆತ್ತೂರಿನ ಜುಲೈ ಮಳೆ ಗೊತ್ತಲ್ಲ? ಕರೆಂಟ್ ಹೋದರೆ ಟವರ್ರೂ ಹೋಗುತ್ತೆ. ಅಂಥದ್ದೇ ಒಂದು ಗುರುವಾರ ನನ್ನ ಲ್ಯಾಪ್‌ಟಾಪ್ ಪದೇ ಪದೇ ನೀಲಿ ಪರದೆ ತೋರಿಸಿ ಆಫ್ ಆಗತೊಡಗಿತು. ತೋಟದ ಆಳುಗಳ ಬಟವಾಡೆ ಲೆಕ್ಕ ಅದರಲ್ಲೇ ಇತ್ತು. ಫೈಲ್ ತೆರೆಯಲೇ ಇಲ್ಲ. ಶನಿವಾರ ದುಡ್ಡು ಕೊಡಬೇಕು.

'ವಿಂಡೋಸ್ ಮತ್ತೆ ಹಾಕಿಸು' ಅಂದ ತಮ್ಮ. ಎಲ್ಲರೂ ಹೇಳೋದು ಅದನ್ನೇ. ನನಗೆ ರ್‍ಯಾಮ್ ಮೇಲೆ ಅನುಮಾನ. ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86+ ಇತ್ತು. ಉಚಿತ, ನೆಟ್ ಬೇಡ, ವಿಂಡೋಸೂ ಬೇಡ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ಪೆನ್‌ಡ್ರೈವ್‌ನಿಂದ ಶುರು ಮಾಡಿದೆ. (ಬಿಟ್‌ಲಾಕರ್ ಇದ್ದರೆ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ, ಆಮೇಲೆ ಅಳಬೇಡಿ!)

ಪೂರ್ತಿ ಪರೀಕ್ಷೆಗೆ ಗಂಟೆಗಟ್ಟಲೆ ಬೇಕು, ಬ್ಯಾಟರಿ ಅಷ್ಟು ಬಾಳಲ್ಲ. ಎಫ್1 ಒತ್ತಿದರೆ ಸೆಟ್ಟಿಂಗ್ಸ್ ಮೆನು ಬರುತ್ತೆ. ಅಲ್ಲಿ ಬೇಕಾದ ಟೆಸ್ಟ್ ಮಾತ್ರ ಆರಿಸಬಹುದು, ಮೆಮೊರಿಯ ಯಾವ ಭಾಗ ಅಂತಲೂ ಹೇಳಬಹುದು. ಎರಡೇ ಟೆಸ್ಟ್ ಇಟ್ಟೆ. ಸ್ವಲ್ಪ ಹೊತ್ತಿಗೇ ಎರರ್ ಸಂಖ್ಯೆ ಏರತೊಡಗಿತು.

ಎರಡು ರ್‍ಯಾಮ್ ಕಡ್ಡಿಗಳಲ್ಲಿ ಒಂದನ್ನು ತೆಗೆದು, ಇನ್ನೊಂದನ್ನು ಎರಡೂ ಸ್ಲಾಟ್‌ಗಳಲ್ಲಿ ಹಾಕಿ ನೋಡಿದೆ. ಎರಡರಲ್ಲೂ ಎರರ್. ಅಂದ್ರೆ ಸ್ಲಾಟ್ ಸರಿ, ಕಡ್ಡಿಯೇ ಕೆಟ್ಟಿದೆ. ರಬ್ಬರಿನಿಂದ ಉಜ್ಜಿದ್ದೂ ಆಯ್ತು, ಪ್ರಯೋಜನವಾಗಲಿಲ್ಲ. ಒಳ್ಳೆಯದನ್ನು ಮಾತ್ರ ಹಾಕಿದಾಗ ಒಂದೂ ಎರರ್ ಇಲ್ಲ.

ಫೈಲ್ ಮಾತ್ರ ವಾಪಸ್ ಬರಲಿಲ್ಲ. ಅಪ್ಪ ಟಾರ್ಚ್ ಹಿಡಿದು ಚೆಕ್‌ರೋಲ್ ಪುಸ್ತಕದಿಂದ ಒಂದೊಂದೇ ಹೆಸರು ಓದಿದರು, ನಾನು ಟೈಪ್ ಮಾಡಿದೆ. ಬಟವಾಡೆ ಶನಿವಾರವೇ ಆಯ್ತು, ಒಂದು ಗಂಟೆ ತಡವಾಗಿ.