ಪದದ ಕೀಲು ಎಲ್ಲಿದೆ?

ಕನ್ನಡದ ತರಗತಿಯಲ್ಲಿ ಸಂಧಿಯನ್ನು ಬಿಡಿಸಿ ಅರ್ಥ ಹೇಳುವುದನ್ನು ನಾವೆಲ್ಲರೂ ಕಲಿತಿದ್ದೇವೆ. ಆದರೆ ವಿಜ್ಞಾನದ ಪುಸ್ತಕದಲ್ಲಿ ಉದ್ದನೆಯ ಇಂಗ್ಲಿಷ್ ಪದವೊಂದು ಎದುರಾದೊಡನೆ ಆ ಕಲೆಯನ್ನು ಮರೆತು, ಪದವನ್ನು ಇಡಿಯಾಗಿ ಉರುಹೊಡೆಯತೊಡಗುತ್ತೇವೆ. ಇದು ಅನವಶ್ಯಕವಾದ ಶ್ರಮ.

'ಹೆಲಿಕಾಪ್ಟರ್' ಎಂಬುದನ್ನೇ ನೋಡೋಣ. ಇದನ್ನು ಎರಡಾಗಿ ಬಿಡಿಸಬೇಕೆಂದರೆ ಬಹುಮಂದಿ 'ಹೆಲಿ' ಮತ್ತು 'ಕಾಪ್ಟರ್' ಎನ್ನುವರು. ಕಿವಿಗೆ ಅದು ಸರಿಯೆಂದು ತೋರಿದರೂ ಪದದ ಕೀಲು ಅಲ್ಲಿಲ್ಲ. 1861ರಲ್ಲಿ ಫ್ರಾನ್ಸಿನ ಪೊಂತೋ ದಾಮೆಕೂರ್ ಎಂಬಾತನು ಈ ಹೆಸರನ್ನು ಗ್ರೀಕ್ ಮೂಲಗಳಿಂದ ಕಟ್ಟಿದನು. 'ಹೆಲಿಕ್ಸ್' ಎಂದರೆ ಸುರುಳಿ. 'ಪ್ಟೆರಾನ್' ಎಂದರೆ ರೆಕ್ಕೆ. ಆದ್ದರಿಂದ 'ಹೆಲಿಕಾ-ಪ್ಟರ್' ಎಂದು ಬಿಡಿಸಿದರೆ ಸುತ್ತುವ ರೆಕ್ಕೆಯ ಯಂತ್ರವೇ ಕಣ್ಣಮುಂದೆ ನಿಲ್ಲುತ್ತದೆ. ತಪ್ಪಾಗಿ ಕತ್ತರಿಸಿದ 'ಹೆಲಿ'ಯಿಂದ 'ಹೆಲಿಪ್ಯಾಡ್' ಮೊದಲಾದ ಹೊಸ ಪದಗಳು ಹುಟ್ಟಿಕೊಂಡದ್ದು ಬೇರೆ ಮಾತು.

ಸರಿಯಾದ ಕೀಲನ್ನು ಕಂಡುಕೊಂಡವರಿಗೆ ಲಾಭವುಂಟು. ಅದೇ ರೆಕ್ಕೆ ಪ್ರಾಣಿಶಾಸ್ತ್ರದಲ್ಲಿಯೂ ಸಿಕ್ಕುತ್ತದೆ. ನೊಣ, ಸೊಳ್ಳೆಗಳ ಗಣ 'ಡಿಪ್ಟೆರ', ಎಂದರೆ ಎರಡು ರೆಕ್ಕೆಯವು. ಚಿಟ್ಟೆ, ಪತಂಗಗಳ ಗಣ 'ಲೆಪಿಡಾಪ್ಟೆರ', ಎಂದರೆ ಹುರುಪೆಯ ರೆಕ್ಕೆಯವು. ಒಂದು ತುಂಡಿನ ಅರ್ಥ ತಿಳಿದರೆ ಹಲವು ಪದಗಳ ಬಾಗಿಲು ತೆರೆದಂತೆಯೇ ಸರಿ.

ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಪದವನ್ನು ಮುರಿಯುವ ಮುದ್ರಕರಿಗೂ ಇದೇ ಪ್ರಶ್ನೆ. 'ಫೋಟೋಗ್ರಫಿ'ಯನ್ನು ಧಾತುವಿಗೆ ಅನುಸಾರವಾಗಿ 'ಫೋಟೋ-ಗ್ರಫಿ' ಎಂದು ಮುರಿಯುವುದು ಬ್ರಿಟಿಷರ ಹಳೆಯ ರೂಢಿ. ಉಚ್ಚಾರಣೆಗೆ ಅನುಸಾರವಾಗಿ 'ಫೊಟಾಗ್-ರಫಿ' ಎಂದು ಮುರಿಯುವುದು ಅಮೆರಿಕನ್ನರ ಪದ್ಧತಿ. ಮೊದಲನೆಯದರಲ್ಲಿ ಬೆಳಕು, ಬರೆಹ ಎಂಬ ಎರಡು ಅರ್ಥಗಳೂ ಉಳಿಯುತ್ತವೆ. ಎರಡನೆಯದರಲ್ಲಿ ಓದುವ ನಾಲಗೆಗೆ ಅನುಕೂಲ. ಈ ಕೆಲಸವನ್ನು ಕಂಪ್ಯೂಟರಿಗೆ ಕಲಿಸಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫ್ರಾಂಕ್ ಲಿಯಾಂಗ್ 1983ರಲ್ಲಿ ಸುಮಾರು 4,500 ಅಕ್ಷರವಿನ್ಯಾಸಗಳನ್ನು ಗುರುತಿಸಿದನು. ಅವುಗಳಿಂದ ಚಿಕ್ಕ ನಿಘಂಟೊಂದರ ಪದಗಳಲ್ಲಿ ಶೇಕಡಾ 89ರಷ್ಟು ಅಡ್ಡಗೆರೆಗಳು ದೊರೆತವು. ಆದರೆ ಆ ವಿಧಾನ ಅಕ್ಷರಗಳ ನೆರೆಹೊರೆಯನ್ನು ನೋಡುತ್ತದೆಯೇ ಹೊರತು ಅರ್ಥವನ್ನು ಅರಿಯದು.

ನಮ್ಮ ಲಿಪಿಯಲ್ಲಿ ಒಂದು ಸ್ವಾರಸ್ಯವಿದೆ. ಒತ್ತಕ್ಷರವನ್ನು ಅದರ ಮೇಲಿನ ಅಕ್ಷರದಿಂದ ಬೇರ್ಪಡಿಸಲು ಬಾರದಾದ್ದರಿಂದ, ಕನ್ನಡದಲ್ಲಿ 'ಹೆಲಿಕಾಪ್ಟರ್' ಎಂದು ಬರೆದಾಗ 'ಪ್ಟ' ಎಂಬುದು ಒಡೆಯುವುದೇ ಇಲ್ಲ. ಗ್ರೀಕರ ರೆಕ್ಕೆ ಅಕಸ್ಮಾತ್ತಾಗಿ ಇಲ್ಲಿ ಉಳಿದುಕೊಂಡಿದೆ!

ಆದರೆ ಒಂದು ಎಚ್ಚರಿಕೆ ಬೇಕು. ಪದವನ್ನು ಸರಿಯಾಗಿ ಬಿಡಿಸಿದಾಗ ದೊರೆಯುವುದು ಹೆಸರಿಟ್ಟವನ ಅಭಿಪ್ರಾಯ, ಅದೇ ಸತ್ಯವಾಗಿರಬೇಕೆಂದಿಲ್ಲ. 'ಆಕ್ಸಿ-ಜನ್' ಎಂದರೆ ಆಮ್ಲವನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲ ಇರುವುದೆಂದು ನಂಬಿ ಲವಾಸಿಯೇ ಈ ಹೆಸರನ್ನಿಟ್ಟನು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿಕೊಟ್ಟನು. ಹೆಸರು ಮಾತ್ರ ಬದಲಾಗಲಿಲ್ಲ. ಅದನ್ನು ಅನುಸರಿಸಿದ ನಮ್ಮ 'ಆಮ್ಲಜನಕ'ದಲ್ಲಿಯೂ ಆ ಹಳೆಯ ತಪ್ಪು ನೆಲಸಿದೆ.

ಆದ್ದರಿಂದ ಹೊಸ ಪದವೊಂದು ಎದುರಾದಾಗ ಮೊದಲು ಅದರ ಕೀಲನ್ನು ಹುಡುಕೋಣ, ತುಂಡುಗಳ ಅರ್ಥವನ್ನು ನಿಘಂಟಿನಲ್ಲಿ ನೋಡೋಣ, ಬಳಿಕ ಆ ಅರ್ಥ ವಸ್ತುವಿಗೆ ಒಪ್ಪುವುದೇ ಎಂದು ಪರೀಕ್ಷಿಸೋಣ. ಹೀಗೆ ಕಲಿತ ಪದವನ್ನು ಪರೀಕ್ಷೆಯ ಮರುದಿನ ಮರೆಯುವ ಭಯವಿಲ್ಲ.