ನವಲಗುಂದದ ಪಗಡೆ ಹಾಸು

ನರಗುಂದದಿಂದ ಹುಬ್ಬಳ್ಳಿಯತ್ತ ಹೊರಟರೆ ಇಕ್ಕೆಲಗಳಲ್ಲೂ ಎರೆಹೊಲ. ಅರ್ಧ ತಾಸಿನಲ್ಲಿ ನವಲಗುಂದ. ಪರ್ಷಿಯಾದ ರತ್ನಗಂಬಳಿಯನ್ನು ಬೆರಗಿನಿಂದ ವರ್ಣಿಸುವ ನಾವು, ಈ ಊರಿನ ಜಮಖಾನೆಯನ್ನು ಮದುವೆಮನೆಯ ಹಾಸೆಂದಷ್ಟೇ ಬಲ್ಲೆವು.

ಎರಡರ ಕಸುಬೂ ಬೇರೆ. ಪರ್ಷಿಯನ್ ಗಂಬಳಿಯಲ್ಲಿ ಹಾಸಿನ ಎಳೆಗಳಿಗೆ ಉಣ್ಣೆ ಅಥವಾ ರೇಷ್ಮೆಯನ್ನು ಗಂಟಿಕ್ಕಿ ಕತ್ತರಿಸುತ್ತಾರೆ. ಆ ತುದಿಗಳೇ ಕೂಡಿ ಚಿತ್ರವಾಗುತ್ತವೆ. ನವಲಗುಂದದಲ್ಲಿ ಗಂಟಿಲ್ಲ. ನೆಟ್ಟಗೆ ನಿಂತ ಮಗ್ಗದೆದುರು ಕುಳಿತ ಮುಸ್ಲಿಂ ಮಹಿಳೆಯರು ಬಣ್ಣದ ಹತ್ತಿನೂಲನ್ನು ಬೆರಳಿನಿಂದಲೇ ತೂರಿಸಿ, ಪಂಜದಿಂದ ಬಡಿದು ಕೂರಿಸುತ್ತಾರೆ. ಹೊಕ್ಕು ಹಾಸನ್ನು ಸಂಪೂರ್ಣ ಮುಚ್ಚುತ್ತದೆ. ನವಿಲು, ಪಗಡೆಯ ಪಟ ಇಲ್ಲಿನ ಹೆಗ್ಗುರುತು. ನಮಾಜಿನ ಹಾಸೂ ಇದೇ ಮಗ್ಗದಿಂದಲೇ. ಆದಿಲಶಾಹಿಗಳ ಬಿಜಾಪುರದಿಂದ ಈ ವಿದ್ಯೆ ಬಂತೆಂದು ಊರವರ ನಂಬಿಕೆ.

2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಅದು ಹೆಸರಿಗೆ ರಕ್ಷಣೆ ಕೊಟ್ಟೀತು, ಕೂಲಿಗಲ್ಲ. ಯಂತ್ರಮಗ್ಗದ ಅಗ್ಗದ ಜಮಖಾನೆಯೊಡನೆ ಕೈನೇಯ್ಗೆ ಬೆಲೆಯಲ್ಲಿ ಸೆಣಸಲಾರದು. (ಗಜೇಂದ್ರಗಡದ ಸೀರೆ ನೇಕಾರರಿಗೂ ಈ ಸಂಕಟ ಹೊಸದಲ್ಲ.) ಗುಟ್ಟು ಊರು ದಾಟಬಾರದೆಂದು, ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸದ ರೂಢಿ ಹಿಂದೆ ಇತ್ತೆಂದು ಹೇಳುತ್ತಾರೆ. ಈಗ ಕಲಿಸುವವರಿದ್ದರೂ, ದಿನಗಟ್ಟಲೆ ಕುಳಿತು ನೇಯ್ದ ಹಾಸಿಗೆ ಸಿಗುವ ಹಣವನ್ನು ಲೆಕ್ಕಹಾಕಿದ ಹುಡುಗಿಯರು ಮಗ್ಗದ ಮುಂದೆ ಕೂರಲು ಒಪ್ಪುವುದು ಕಷ್ಟ.